ಕೆಂಚ ಮತ್ತು ಗಂಜಲದ ಬಾಟಲಿ

ಸಂತೆಯ ದಿನ ನನ್ನ ಕ್ಲಿನಿಕ್ಕಿನ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಎರಡು ಹಸು, ಕಾಲು ಮುರಿದುಕೊಂಡ ಒಂದು ಮೇಕೆ, ಹೊಟ್ಟೆ ಉಬ್ಬರಿಸಿಕೊಂಡ ಒಂದು ಎಮ್ಮೆ ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ಹುಣಸೆ ಮರದ ನೆರಳಿನಲ್ಲಿ ಇಬ್ಬರು ಹೆಂಗಸರು ಒಂದು ನಾಯಿಯನ್ನು ಹಿಡಿದುಕೊಂಡು ಕಾಯುತ್ತಿದ್ದರು. ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ನಾನು ದನದ ಡಾಕ್ಟರು. ನಾಯಿ ತಂದವರನ್ನು ಕೊನೆಗೆ ನೋಡುವುದು ನನ್ನ ರೂಢಿಯಾಗಿತ್ತು, ಅದೂ ನಿಂತುಕೊಂಡೇ, ಕೈ ಒರೆಸಿಕೊಳ್ಳುತ್ತಲೇ. ಎಮ್ಮೆಯ ಜೀವ ಹೋಗುತ್ತಿರುವಾಗ ನಾಯಿಯದೇನು ಮಹಾ ಎಂಬ ಧಿಮಾಕು ನನಗೆ.

ಬಂದವರು ಅತ್ತೆ ಸೊಸೆ. ಕೊಬ್ಬರಿ ಮಂಡಿ ಯಜಮಾನರೊಬ್ಬರ ತಾಯಿ ಮತ್ತು ಹೆಂಡತಿ. ಹಿರಿಯಾಕೆಯ ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ನಾಯಿ ಐದು ವರ್ಷದ ಗಂಡು, ನಾಡತಳಿ, ಇಟ್ಟಿಗೆ ಬಣ್ಣ. ಹೆಸರು ಕೆಂಚ.

"ಡಾಕ್ಟ್ರೇ, ಇದು ದೇವ್ರ ಮನೆ ಬಾಗ್ಲಲ್ಲೇ ಉಚ್ಚೆ ಹೊಯ್ತೈತೆ ಕಣ್ರಪ್ಪಾ. ಹೊರಗೆ ಅರ್ಧ ಗಂಟೆ ತಿರುಗಿಸ್ಕೊಂಡು ಬಂದ್ರೂ ಮಾಡಾಕಿಲ್ಲ. ಒಳಗೆ ಬಂದೇಟ್ಗೆ ಶುರು," ಎಂದರು ಅತ್ತೆ. "ಶ್ರಾವಣದ ಎರಡನೇ ಸೋಮವಾರ ಮಠದ ಗುರುಗಳು ಪಾದಪೂಜೆಗೆ ಬತ್ತಾರೆ. ಅಷ್ಟ್ರಲ್ಲಿ ಇದು ನಿಲ್ಲಿಸ್ದೇ ಇದ್ರೆ ಕೊಬ್ಬರಿ ಲಾರಿಗೆ ಹಾಕಿ ದೂರ ಎಲ್ಲಾದ್ರೂ ಬಿಡಿಸ್ಬಿಡ್ತೀನಿ ಅಂದವ್ನೆ ನನ್ ಮಗ."

ಸೊಸೆ ನಾಯಿಯ ಕಿವಿ ಸವರುತ್ತಾ ಮೆಲ್ಲಗೆ ಹೇಳಿದರು, "ಇದು ನಮ್ಮ ಅಪ್ಪಾಜಿದು ಡಾಕ್ಟ್ರೇ. ಹಾರನಹಳ್ಳಿ ಹತ್ರ ತೋಟದಲ್ಲಿತ್ತು. ಅವ್ರು ಹೋದ್ಮೇಲೆ ತೋಟ ಗುತ್ತಿಗೆಗೆ ಕೊಟ್ವಿ, ಗುತ್ತಿಗೆಯವ್ರು ನಾಯಿ ಬೇಡ ಅಂದ್ರು. ನಾನು ಕರ್ಕೊಂಡು ಬಂದೆ. ಅಪ್ಪಾಜಿದು ಅಂತ ನನ್ ಹತ್ರ ಉಳ್ದಿರೋದು ಇದೊಂದೇ. ಅಲ್ಲಿ ಅದು..."

"ಅಲ್ಲಿಂದು ಬಿಡಮ್ಮ, ಇಲ್ಲಿಂದು ನೋಡೋಣ," ಎಂದೆ ನಾನು.

ಆ ಅರ್ಧ ವಾಕ್ಯವನ್ನು ಅವರು ಪೂರ್ತಿ ಮಾಡಲು ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮದ್ದು ಕುಡಿಸಿ ಹೊರಗೆ ಕಟ್ಟಿಸಿದ್ದ ಎಮ್ಮೆ ಗುಟುರು ಹಾಕಿತು. ನಾಯಿ ಬೆಚ್ಚಿ ಕ್ಲಿನಿಕ್ಕಿನ ಮೂಲೆಯಲ್ಲಿ ಒಂದಿಷ್ಟು ಒದ್ದೆ ಮಾಡಿತು. ನನಗೆ ಪಾಠ ಹೇಳಿಕೊಡಲು ಹದವಾದ ಸಮಯ ಸಿಕ್ಕಿತು ಅನ್ನಿಸಿತು. ಮೇಜಿನ ಮೇಲಿದ್ದ ಪೇಪರನ್ನು ಸುರುಳಿ ಸುತ್ತಿದೆ. ಕೆಂಚನ ಕತ್ತಿನ ಹಿಂದಿನ ಚರ್ಮ ಹಿಡಿದು ಮೂಗನ್ನು ಆ ಒದ್ದೆಗೆ ಉಜ್ಜಿದೆ. ಮೂತಿಯ ಮೇಲೆ ಎರಡು ಬಾರಿಸಿ, "ಇಲ್ಲಿ ಮಾಡ್ತೀಯಾ? ಇಲ್ಲಿ ಮಾಡ್ತೀಯಾ?" ಎಂದು ಗದರಿದೆ. ನಾಯಿ ತಿರುಗಿ ಬೀಳಲಿಲ್ಲ, ಕುಂಯ್ ಎನ್ನಲೂ ಇಲ್ಲ. ಕಣ್ಣು ಬೇರೆ ಕಡೆ ತಿರುಗಿಸಿಕೊಂಡಿತು.

"ಡಾಕ್ಟ್ರು ಮೇಷ್ಟ್ರಾಗವ್ರೆ ನೋಡ್ಲಾ!" ಎಂದು ಆಮೇಲೆ ಬಂದು ಸಾಲಿನಲ್ಲಿ ನಿಂತಿದ್ದ ಒಬ್ಬ ರೈತ ನಕ್ಕ. ಎಲ್ಲರೂ ನಕ್ಕರು. ನನಗೂ ಹಿಗ್ಗು. ಸೊಸೆ ಮಾತ್ರ ನಗಲಿಲ್ಲ.

"ಹೀಗೆ ಮಾಡ್ಬೇಕಮ್ಮ, ಪ್ರತಿ ಸಲ. ಹದಿನೈದು ದಿನದಲ್ಲಿ ಬುದ್ಧಿ ಕಲಿಯುತ್ತೆ," ಎಂದೆ. ಆಮೇಲೆ, ಯಾರೂ ಕೇಳದೇ ಇದ್ದರೂ, ಇನ್ನೊಂದು ಉಪಕಾರ ಮಾಡಿದೆ. ನಮ್ಮ ಹಿತ್ತಲಲ್ಲಿ ಒಂದು ಹಳ್ಳಿಕಾರ್ ಹಸು ಇದೆ. ನಮ್ಮ ಮನೆಯಲ್ಲಿ ಮೈಲಿಗೆ ಅನ್ನಿಸಿದಾಗಲೆಲ್ಲ ಅದರ ಗಂಜಲ ಚಿಮುಕಿಸುತ್ತೇವೆ. ಕೇಳಿದವರಿಗೆ ಕೊಡಲೆಂದು ಕ್ಲಿನಿಕ್ಕಿನಲ್ಲೂ ಬಾಟಲಿ ತುಂಬಿಟ್ಟಿರುತ್ತೇನೆ. ಅದರಲ್ಲೊಂದನ್ನು ಹಿರಿಯಾಕೆಯ ಕೈಗಿಟ್ಟು, "ದೇವರ ಮನೆ ಬಾಗ್ಲು ಅಂತೀರಿ. ತೊಳೆದ ಮೇಲೆ ಇದನ್ನ ಮನೆಯೆಲ್ಲ ಚಿಮುಕಿಸಿಬಿಡಿ, ದಿನಾ. ಖಾಲಿ ಆದ್ರೆ ಬಂದು ತಗೊಂಡು ಹೋಗಿ," ಎಂದೆ.

ಆಕೆ ಬಾಟಲಿಯನ್ನು ಒಂದು ಕ್ಷಣ ತಿರುಗಿಸಿ ನೋಡಿದರು. "ಗಂಜಲಾನಾ?" ಎಂದರು. "ಹೂಂ ಅಮ್ಮ, ಶ್ರೇಷ್ಠ," ಎಂದೆ. "ಆಯ್ತೇಳಿ, ಡಾಕ್ಟ್ರು ಯೋಳಿದ್ಮ್ಯಾಕೆ," ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಮೂತ್ರ ಪರೀಕ್ಷೆ ಮಾಡಲಿಲ್ಲ. ಹೊಟ್ಟೆ ಮುಟ್ಟಿ ನೋಡಲಿಲ್ಲ. ಎಷ್ಟು ಸಲ, ಎಷ್ಟು ಪ್ರಮಾಣ, ಎಲ್ಲಿ, ಯಾವಾಗ, ಒಂದೂ ಕೇಳಲಿಲ್ಲ. ಹಸು ಮೇವು ಬಿಟ್ಟಿದೆ ಎಂದು ಬಂದಿದ್ದರೆ ಇಪ್ಪತ್ತು ಪ್ರಶ್ನೆ ಕೇಳಿರುತ್ತಿದ್ದೆ.

ಮೂರು ವಾರದಲ್ಲಿ ಮೂರು ಬಾಟಲಿ ಹೋಯಿತು. ಹಿರಿಯಾಕೆ ಕಳಿಸಿದ ಆಳು ಬಂದು ಒಯ್ಯುತ್ತಿದ್ದ. ಹಿರಿಯಾಕೆಗೆ ಎಷ್ಟು ಭಕ್ತಿ ಎಂದುಕೊಂಡೆ.

ನಾಲ್ಕನೇ ವಾರ ಸೊಸೆ ಒಬ್ಬರೇ ಆಟೋದಲ್ಲಿ ಬಂದರು. ಕೆಂಚ ಕೆಳಗಿಳಿಯಲಿಲ್ಲ, ಸೀಟಿನ ಕೆಳಗೆ ತೂರಿಕೊಂಡು ಮೈಯೆಲ್ಲ ನಡುಗಿಸುತ್ತಿತ್ತು. ಸೀಟಿನ ಕೆಳಗೆ ಒದ್ದೆ. ಆಟೋದವನು ಗೊಣಗುತ್ತಿದ್ದ. "ನಿಮ್ಮ ಬೀದಿ ತಿರುಗೋವರೆಗೂ ಸುಮ್ನಿತ್ತು ಡಾಕ್ಟ್ರೇ," ಎಂದರು ಸೊಸೆ. ಆಟೋ ಕುಲುಕಿದ್ದಕ್ಕೆ ಆಗಿರಬೇಕು ಎಂದುಬಿಟ್ಟೆ.

"ಈಗ ಎದುರಿಗೆ ಮಾಡೋದೇ ಇಲ್ಲ. ಹಗ್ಗ ಹಿಡ್ಕೊಂಡು ಎಷ್ಟ್ ಹೊತ್ತು ನಿಂತ್ರೂ ನನ್ ಮುಖ ನೋಡ್ತಾ ತಡ್ಕೊಳುತ್ತೆ. ಆಮೇಲೆ ಮಂಚದ ಕೆಳಗೆ, ಕೊಬ್ಬರಿ ಚೀಲದ ಹಿಂದೆ, ನಾವು ನೋಡದೇ ಇರೋ ಕಡೆ ಮಾಡುತ್ತೆ. ದೇವ್ರ ಮನೆ ಬಾಗ್ಲಂತೂ ತಪ್ಪಿದ್ದಲ್ಲ. ನಮ್ಮನೆಯವ್ರು ನೀವು ಹೇಳ್ದಂಗೇ ಮೂಗು ಉಜ್ಜಿ ಉಜ್ಜಿ..." ಅವರು ಬಗ್ಗಿ ಸೀಟಿನ ಕೆಳಗೆ ತೋರಿಸಿದರು. ನಾಯಿಯ ಮೂತಿಯ ಮೇಲೆ ಚರ್ಮ ಸುಲಿದು ಗಾಯವಾಗಿತ್ತು. ನೆಲಕ್ಕೆ ಉಜ್ಜಿ ಆದ ಗಾಯ. ನಾನು ಹೇಳಿಕೊಟ್ಟ ಆ ಔಷಧಿಯನ್ನು ಆ ಮನೆಯವರು ಒಂದು ಹೊತ್ತೂ ತಪ್ಪಿಸದೆ ಕೊಟ್ಟಿದ್ದರು.

ಮುಲಾಮು ಹಚ್ಚಲು ಕೈ ಚಾಚಿದೆ. ಕೆಂಚ ತಲೆಯನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿಕೊಂಡಿತು. ಸೊಸೆಯ ಕೈಗೇ ಮುಲಾಮಿನ ಟ್ಯೂಬು ಕೊಟ್ಟೆ.

ಅವರನ್ನು ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಬೇಲೂರಿನಲ್ಲಿರುವ ಒಬ್ಬ ಕಿರಿಯ ವೈದ್ಯೆಗೆ ಫೋನ್ ಮಾಡಿದೆ. ನಾಯಿ ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವಾಕೆ. ಆಕೆ ಕಲಿಯುವಾಗ ನನ್ನ ಬಳಿ ಎರಡು ತಿಂಗಳು ಹಸುವಿನ ಕೆಲಸ ಕಲಿತಿದ್ದಳು, ಹಾಗಾಗಿ ಕೇಳುವುದಕ್ಕೆ ಇನ್ನಷ್ಟು ನಾಚಿಕೆ. "ನನ್ನ ಪರಿಚಯದವರೊಬ್ಬರ ನಾಯಿ" ಎಂದು ಶುರು ಮಾಡಿದೆ.

"ಸಾರ್, ಮೊದ್ಲು ಮೂತ್ರ ಟೆಸ್ಟ್ ಮಾಡಿದ್ರಾ?" ಎಂದಳು.

"ಮಾಡ್ಬೇಕು."

"ಹೊಡೆದಿದ್ದಾರಾ ಸಾರ್?"

"ಸ್ವಲ್ಪ... ಯಾರೋ ಹೇಳಿದ್ರಂತೆ."

"ಯಾರ್ ಸಾರ್ ಅವ್ರು, ಇನ್ನೂ ಆ ಕಾಲದಲ್ಲೇ ಇದ್ದಾರಲ್ಲ?" ಎಂದಳು. ನಾನು ಕೆಮ್ಮಿದೆ.

ಅವಳು ನಿಧಾನವಾಗಿ ಹೇಳಿದಳು, ನಾನು ಚೀಟಿಯಲ್ಲಿ ಬರೆದುಕೊಂಡೆ. ದೊಡ್ಡ ನಾಯಿ ಮನೆಯೊಳಗೆ ಒದ್ದೆ ಮಾಡುತ್ತದೆ ಎಂದರೆ ಮೊದಲು ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಕಾಯಿಲೆ ಇಲ್ಲದಿದ್ದರೆ ಒದ್ದೆಯನ್ನೇ ನೋಡಬೇಕು. ಕಾಲೆತ್ತಿ ಗೋಡೆಗೆ ನಾಲ್ಕು ಹನಿ ಚಿಮ್ಮಿಸಿದ್ದರೆ ಅದು ತನ್ನ ಜಾಗವೆಂದು ಗುರುತು ಹಾಕುವುದು. ನೆಲದ ಮೇಲೆ ಪೂರ್ತಿ ಖಾಲಿ ಮಾಡಿದ್ದರೆ ಅದಕ್ಕೆ ಹೋಗುವ ಜಾಗ ಯಾವುದೆಂದು ಗೊತ್ತಿಲ್ಲ. ಯಾರನ್ನೋ ಕಂಡು ಮೈ ಕುಗ್ಗಿಸಿ, ಬಾಲ ಮುದುರಿ, ನಿಂತಲ್ಲೇ ಬಿಟ್ಟರೆ ಅದು ಹೆದರಿಕೆ. "ಮೂರಕ್ಕೂ ಹೊಡೆತ ಔಷಧಿ ಅಲ್ಲ ಸಾರ್. ಹೊಡೆದ್ರೆ ನಾಯಿ ಕಲಿಯೋದು ಒಂದೇ, ಮನುಷ್ಯರ ಎದುರು ಮಾಡ್ಬಾರ್ದು ಅಂತ. ಹೊರಗೂ ಮಾಡಲ್ಲ, ಒಳಗೆ ಕದ್ದು ಮಾಡುತ್ತೆ." ಸೊಸೆ ಹೇಳಿದ್ದೂ ಅಕ್ಷರಶಃ ಇದನ್ನೇ.

ಮಾರನೆಯ ಬೆಳಿಗ್ಗೆ ಸೊಸೆಗೆ ಫೋನ್ ಮಾಡಿ ಹೊಡೆಯುವುದನ್ನು ಅವತ್ತೇ ನಿಲ್ಲಿಸಲು ಹೇಳಿದೆ. ಮೂತ್ರ ಹಿಡಿಯುವುದು ಒಂದು ಸಾಹಸವಾಯಿತು. ಹಳೆಯ ಸೌಟೊಂದನ್ನು ಕುದಿಸಿ, ಕೋಲಿಗೆ ಕಟ್ಟಿ, ಹಿತ್ತಲಲ್ಲಿ ನಾಯಿಯ ಹಿಂದೆ ಮೂರು ದಿನ ಅಲೆದು ಅವರು ಅರ್ಧ ಸೌಟು ಹಿಡಿದು ಕಳಿಸಿದರು. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಸಕ್ಕರೆ ಇಲ್ಲ, ರಕ್ತ ಇಲ್ಲ, ಕೀವಿನ ಕಣ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಕಲ್ಲಿನ ಹರಳೂ ಕಾಣಲಿಲ್ಲ. ನಾಯಿ ಕುಡಿಯುವ ನೀರು ಅಳೆದು ಬರೆಯಲು ಹೇಳಿದ್ದೆ, ಅದೂ ಸರಿಯಾಗಿತ್ತು. ಕಾಯಿಲೆ ಇಲ್ಲ ಎಂದಾಯಿತು.

ನಂತರ ಮನೆಗೆ ಹೋದೆ. ನಾನು ಹೋಗುವಷ್ಟರಲ್ಲಿ ಕೆಂಚ ಹಿತ್ತಲಲ್ಲಿತ್ತು, ಬಾಗಿಲು ಹಾಕಿತ್ತು. ಡಾಕ್ಟರು ಬರುತ್ತಾರೆ, ಅಡ್ಡ ಬರದಿರಲಿ ಎಂಬ ಮರ್ಯಾದೆ ಎಂದುಕೊಂಡೆ. ಮತ್ತೆ ಹೋದಾಗಲೂ ಹಾಗೇ ಇತ್ತು.

ಕೆಂಪು ಗಾರೆಯ ಹಳೆಯ ನೆಲ, ಅಲ್ಲಲ್ಲಿ ಕೂದಲೆಳೆಯ ಬಿರುಕು. ಮಂಡಿಯಲ್ಲಿ ಕಳ್ಳನೋಟು ಪರೀಕ್ಷೆ ಮಾಡುವ ನೀಲಿ ದೀಪ ಇರುತ್ತದಲ್ಲ, ಯಜಮಾನರಿಂದ ಅದನ್ನು ತರಿಸಿದೆ. ಒಣಗಿದ ಮೂತ್ರ ಅದರ ಬೆಳಕಿಗೆ ಮಂಕಾಗಿ ಹೊಳೆಯುತ್ತದೆ ಎಂದು ಬೇಲೂರಿನಾಕೆ ಹೇಳಿದ್ದಳು. ನಡುಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಬೆಳಕು ಬರುವ ಸಂದಿಗೆಲ್ಲ ಕಂಬಳಿ ಹಾಕಿ, ಮೊಣಕಾಲೂರಿ ನೆಲದ ಮೇಲೆ ದೀಪ ಆಡಿಸಿದೆ. ಯಜಮಾನರು, ಅತ್ತೆ, ಸೊಸೆ ಹಿಂದೆಯೇ ಬಂದರು.

ದೇವರ ಮನೆ ಬಾಗಿಲ ನಾರಿನ ಮ್ಯಾಟು ಹೊಳೆಯಿತು. ತಲೆಬಾಗಿಲ ನಾರಿನ ಮ್ಯಾಟು ಹೊಳೆಯಿತು. ಮಂಚದ ಕೆಳಗೆ ಹೊಳೆಯಿತು. ಅಲ್ಲಿಗೆ ನಿಲ್ಲಲಿಲ್ಲ. ನಡುಮನೆ, ಅಡುಗೆಮನೆ ಹೊಸಿಲು, ಉಯ್ಯಾಲೆ ಕಂಬ, ಎಲ್ಲೆಲ್ಲೂ ಚುಕ್ಕಿ ಚುಕ್ಕಿ ಹೊಳಪು.

"ಅಯ್ಯೋ ಶಿವನೇ! ಇಷ್ಟೊಂದ್ ಕಡೆ ಹೊಯ್ದೈತಾ?" ಎಂದರು ಯಜಮಾನರು.

ಚುಕ್ಕಿಗಳು ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೂ ಇದ್ದವು. ಯಾವ ನಾಯಿಯೂ ಅಷ್ಟೆತ್ತರ ಕಾಲೆತ್ತುವುದಿಲ್ಲ. ಅದು ಕೈಯಿಂದ ಚಿಮುಕಿಸಿದ್ದು. ಗಂಜಲವೂ ಮೂತ್ರವೇ. ಎಷ್ಟು ಪವಿತ್ರವಾದರೂ ನಾಯಿಯ ಮೂಗಿಗೆ ಅದು ಮೂತ್ರದ ವಾಸನೆಯೇ. ಬಿರುಕಿಗೆ ಇಳಿದ ನಾಯಿಯ ವಾಸನೆಯ ಮೇಲೆ ದಿನಾ ಬೆಳಿಗ್ಗೆ ಹಸುವಿನ ವಾಸನೆ ಬಿತ್ತೆಂದರೆ, ಇದು ಹೊಯ್ಯುವ ಜಾಗ, ಹೊಯ್ಯುವ ಜಾಗ ಎಂದು ಅದಕ್ಕೆ ದಿನಾ ಹೇಳಿಕೊಟ್ಟಂತೆ. ಆಮೇಲೆ ಅಲ್ಲೇ ಹೊಯ್ದದ್ದಕ್ಕೆ ಮೂಗು ಉಜ್ಜಿದರು.

"ಇದು ನಾಯಿದಲ್ಲ. ಗಂಜಲ," ಎಂದೆ. "ಮನೆಯೆಲ್ಲ ಇಷ್ಟು ಗಂಜಲ ಚಿಮುಕಿಸಿದ್ರೆ ಆ ವಾಸನೆಗೇ ನಾಯಿ ಮತ್ತೆ ಮತ್ತೆ ಮಾಡುತ್ತೆ."

ಯಜಮಾನರು ತಾಯಿಯ ಕಡೆ ತಿರುಗಿದರು. "ಏನವ್ವಾ ಇದು? ಯಾರ್ ಯೋಳಿದ್ರು ನಿಂಗೆ ಹಿಂಗೆ ಸುರಿ ಅಂತ? ಒಂದ್ ತಿಂಗ್ಳಿಂದ ನಾಯಿ ನಾಯಿ ಅಂತ ನನ್ ಜೀವ ತಿಂದ್ಯಲ್ಲ!"

ಹಿರಿಯಾಕೆ ನನ್ನ ಮುಖ ನೋಡಿದರು. ಸೊಸೆಯೂ ನೋಡಿದರು. ಬಾಟಲಿ ನಾನು ಕೊಟ್ಟದ್ದು ಎಂದು ಹೇಳಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು. ನಾನು ತಲೆ ತಗ್ಗಿಸಿ ದೀಪದ ಸ್ವಿಚ್ಚು ಹುಡುಕುತ್ತಾ ಕೂತೆ. ಸ್ವಿಚ್ಚು ನನ್ನ ಹೆಬ್ಬೆರಳ ಕೆಳಗೇ ಇತ್ತು.

"ನಾನೇ ಹಾಕ್ದೆ ಬಿಡು," ಎಂದರು ಹಿರಿಯಾಕೆ. "ತಿಳೀದೆ ಹಾಕ್ದೆ."

ಮಗನ ಮುಂದೆ ಆ ತಾಯಿ ನನ್ನ ತಪ್ಪನ್ನು ತಮ್ಮ ಸೆರಗಿಗೆ ಕಟ್ಟಿಕೊಂಡರು. ನಾನು ಕಟ್ಟಿಕೊಳ್ಳಲು ಬಿಟ್ಟೆ. ಇವತ್ತಿಗೂ ಎಮ್ಮೆಯ ಹೊಟ್ಟೆಯಲ್ಲಿ ಕರು ತಿರುಗಿಸುವಾಗ, ಊಟಕ್ಕೆ ಕೂತಾಗ, ಯಾವ್ಯಾವಾಗಲೋ ಆ ಮಾತು ಕಿವಿಗೆ ಬೀಳುತ್ತದೆ. ಥೂ, ನನ್ನ ಜನ್ಮಕ್ಕೆ!

ಹೊರಡುವಾಗ ಸೊಸೆಯನ್ನು ಕೇಳಿದೆ, ಅವತ್ತು ಕ್ಲಿನಿಕ್ಕಿನಲ್ಲಿ ಏನೋ ಹೇಳಲು ಹೊರಟಿದ್ದಿರಲ್ಲಮ್ಮ ಎಂದು. "ಅಲ್ಲಿ ತೋಟದಲ್ಲಿ ಅದು ಕಾಯಿ ಸುಲಿದ ಸಿಪ್ಪೆ ರಾಶಿ ಮೇಲೆ ಹೋಗ್ತಿತ್ತು ಡಾಕ್ಟ್ರೇ. ಮರಿಯಿಂದ ಅಲ್ಲೇ ಅಭ್ಯಾಸ," ಎಂದರು.

ಅಷ್ಟೇ. ಐದು ವರ್ಷ ತೆಂಗಿನ ನಾರಿನ ಮೇಲೆ ಹೊಯ್ದ ನಾಯಿ. ಪೇಟೆಗೆ ಬಂದರೆ ಬೀದಿ ಪೂರ್ತಿ ಸಿಮೆಂಟು. ಕಂಬ ಕಂಡರೆ ನಾಲ್ಕು ಹನಿ ಬಿಟ್ಟೀತು, ಪೂರ್ತಿ ಖಾಲಿ ಮಾಡಲು ಅದರ ಕಾಲಿಗೆ ನಾರು ಸಿಗಬೇಕು. ಆ ಮನೆಯಲ್ಲಿ ನಾರು ಇದ್ದದ್ದು ಎರಡೇ ಕಡೆ, ತಲೆಬಾಗಿಲ ಮ್ಯಾಟು, ದೇವರ ಮನೆಯ ಮ್ಯಾಟು. ತಲೆಬಾಗಿಲಲ್ಲಿ ಓಡಾಟ ಜಾಸ್ತಿ. ಪಾಪದ ಪ್ರಾಣಿ ಹುಡುಕಿ ಹುಡುಕಿ ಸರಿಯಾದ ಜಾಗವನ್ನೇ ಕಂಡುಕೊಂಡಿತ್ತು, ತೋಟದ ಲೆಕ್ಕದಲ್ಲಿ.

ಶ್ರಾವಣದ ಆ ಸೋಮವಾರಕ್ಕೆ ಇಪ್ಪತ್ತಮೂರು ದಿನ ಇತ್ತು. ಬೇಲೂರಿನಾಕೆಯನ್ನು ಕೇಳಿಕೊಂಡು ಕ್ರಮ ಬರೆದುಕೊಟ್ಟೆ. ನಾರಿನ ಮ್ಯಾಟು ಎರಡೂ ಮನೆಯಿಂದ ಹೊರಗೆ. ಗಂಜಲ ಬಂದ್, ಫಿನಾಯಿಲೂ ಬಂದ್. ಎಂಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಹೊಳೆದ ಜಾಗಗಳ ಮೇಲೆ ಸುರಿದು, ಒದ್ದೆ ಗೋಣಿ ಮುಚ್ಚಿ, ಬಿರುಕಿನೊಳಗೆ ಇಳಿಯುವಷ್ಟು ಹೊತ್ತು ಬಿಡಬೇಕು. ಆಮೇಲೆ ಬರೀ ನೀರಿನಲ್ಲಿ ತೊಳೆದು ಒಣಗಿಸಬೇಕು. ಮೂರು ದಿನ ಹೀಗೆ ಮಾಡಿದ ಮೇಲೆ ನೀಲಿ ದೀಪ ಹಿಡಿದು ಮತ್ತೆ ನೋಡಿದೆವು. ಎರಡು ಕಡೆ ಉಳಿದಿತ್ತು, ಮತ್ತೆ ತೊಳೆಸಿದೆ.

ಹಾರನಹಳ್ಳಿ ತೋಟದಿಂದ ಒಂದು ಟೆಂಪೋ ಸಿಪ್ಪೆ ತರಿಸಿ ಹಿತ್ತಲ ಮೂಲೆಯಲ್ಲಿ ಹರಡಿಸಿದೆ. ಎದ್ದ ಕೂಡಲೇ, ಪ್ರತಿ ಊಟ ಆದಮೇಲೆ, ನಿದ್ದೆಯಿಂದ ಎದ್ದಮೇಲೆ, ಮಲಗುವ ಮುಂಚೆ, ಹಗ್ಗ ಹಿಡಿದು ಅಲ್ಲಿಗೇ ಒಯ್ಯಬೇಕು. ನಾಯಿಯ ಮುಖ ನೋಡದೆ ಬೆನ್ನು ತಿರುಗಿಸಿ ನಿಲ್ಲಬೇಕು. ಮಾಡಿದರೆ ಆ ಕ್ಷಣದಲ್ಲೇ ಮೆಲ್ಲಗೆ ಹೊಗಳಿ ಒಂದು ಚೂರು ಒಣಕೊಬ್ಬರಿ. ಮಾಡದಿದ್ದರೆ ಒಳಗೆ ತಂದು ಕಣ್ಣಳತೆಯಲ್ಲೇ ಕಟ್ಟಿಕೊಂಡು, ಕಾಲು ಗಂಟೆ ಬಿಟ್ಟು ಮತ್ತೆ ಒಯ್ಯಬೇಕು. ಒಳಗೆ ಮಾಡಿಬಿಟ್ಟರೆ ಯಾರೂ ತುಟಿ ಬಿಚ್ಚಬಾರದು, ಒರೆಸಿ ತೊಳೆಯುವುದಷ್ಟೇ.

ಮೊದಲ ಎರಡು ದಿನ ಕೆಂಚ ಸಿಪ್ಪೆಯ ಮೇಲೆ ನಿಂತು ಮೂಸಿ ಮೂಸಿ ಸುಮ್ಮನಾಯಿತಂತೆ. ಹೊಡೆತ ನೆನಪಿತ್ತಲ್ಲ. ಮೂರನೇ ಬೆಳಿಗ್ಗೆ ಸೊಸೆ ಫೋನ್ ಮಾಡಿದರು. "ಮಾಡ್ತು ಡಾಕ್ಟ್ರೇ. ಎಷ್ಟ್ ಹೊತ್ತು ಹೊಯ್ತು ಗೊತ್ತಾ! ನಾನು ಬೆನ್ನು ತಿರುಗ್ಸಿ ನಿಂತು ಅತ್ತುಬಿಟ್ಟೆ."

ಹನ್ನೊಂದನೇ ದಿನ ಎಡವಿದೆವು. ಯಜಮಾನರು ಮಂಡಿಯಲ್ಲಿ ಯಾರದೋ ಮೇಲೆ ಸಿಟ್ಟಾಗಿ ಬಂದು ಫೋನಿನಲ್ಲಿ ಕೂಗಾಡಿದರು, ಅದೂ ಸುತ್ತಿದ ಪೇಪರು ಕೈಯಲ್ಲಿ ಆಡಿಸುತ್ತಾ. ನಾಯಿ ಮಂಚದ ಕೆಳಗೆ ಸೇರಿ ಅಲ್ಲೇ ಖಾಲಿ ಮಾಡಿತು. ಎರಡು ದಿನ ಮತ್ತೆ ಸಿಪ್ಪೆಯ ಕಡೆ ಸುಳಿಯಲಿಲ್ಲ. "ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು ಬಿಡಿ ಡಾಕ್ಟ್ರೇ, ಲಾರಿಗೆ ಹಾಕ್ತೀನಿ," ಎಂದರು ಫೋನಿನಲ್ಲಿ. "ಪೂಜೆ ಆಗೋವರೆಗೂ ಕಾಯಿರಿ, ಅವತ್ತು ಒಂದು ಹನಿ ಬಿದ್ರೂ ನಿಮ್ಮಿಷ್ಟ," ಎಂದುಬಿಟ್ಟೆ. ಯಾರ ಜೀವವನ್ನು ಪಣ ಇಟ್ಟು ಮಾತು ಕೊಟ್ಟೆ ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಮನೆಯಲ್ಲಿ ಪೇಪರು ತರಿಸುವುದನ್ನೇ ನಿಲ್ಲಿಸಲು ಹೇಳಿದೆ. ಕ್ರಮವನ್ನು ಮತ್ತೆ ಮೊದಲಿನಿಂದ ಹಿಡಿಸಿದೆ. ಅಲ್ಲಿಂದ ಮುಂದೆ ಹತ್ತು ದಿನ ಒಳಗೆ ಒಂದು ತೊಟ್ಟು ಬೀಳಲಿಲ್ಲ.

ಸೋಮವಾರ ನನಗೂ ಕರೆ ಇತ್ತು. ಬಿಳಿ ಪಂಚೆ ಉಟ್ಟು, ಹಣ್ಣಿನ ತಟ್ಟೆ ಹಿಡಿದು ಹೋದೆ. ನಡುಮನೆಯ ತುಂಬ ನೆಂಟರು, ಕೊಬ್ಬರಿ ವ್ಯಾಪಾರಿಗಳು, ತೋಟದವರು. ಅರ್ಧಕ್ಕರ್ಧ ಜನರ ಹಟ್ಟಿಯಲ್ಲಿ ನಾನು ದನ ನೋಡಿ ಕೈ ತೊಳೆದವನೇ. ಗುರುಗಳು ಪಕ್ಕದ ಬೀದಿಯಲ್ಲಿ ಇದ್ದಾರೆ, ಇನ್ನು ಹತ್ತು ನಿಮಿಷ ಎಂದರು ಯಾರೋ. ಸೊಸೆ ಅಡುಗೆಮನೆಯಲ್ಲಿ ಮುಳುಗಿದ್ದರು. ಕೆಂಚ ಮೂಲೆಯಲ್ಲಿ ತನ್ನ ಚಾದರದ ಮೇಲೆ, ಅಷ್ಟು ಜನರ ನಡುವೆ, ನೆಮ್ಮದಿಯಾಗಿ ಮಲಗಿತ್ತು. ಮೂತಿಯ ಗಾಯ ಮಾಗಿ ಕೂದಲು ಬಂದಿತ್ತು. ನನಗೆ ಎದೆ ಉಬ್ಬಿತು. ಎಲ್ಲರಿಗೂ ಕೇಳುವಂತೆ, "ಏನ್ಲಾ ಕೆಂಚಾ!" ಎಂದೆ.

ಕೆಂಚ ತಲೆ ಎತ್ತಿ ನನ್ನನ್ನು ನೋಡಿತು. ಕಿವಿ ಹಿಂದಕ್ಕೆ ಹೋಯಿತು. ಮೈ ಕುಗ್ಗಿ ನೆಲಕ್ಕಂಟಿತು. ಬಾಲ ಹೊಟ್ಟೆಗೆ ಮುದುರಿತು. ಚಾದರದ ಅಂಚಿನಿಂದ ರಂಗೋಲಿಯ ಕಡೆಗೆ ಒದ್ದೆ ಹರಿಯತೊಡಗಿತು.

ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಯಜಮಾನರ ಮುಖ ಕಪ್ಪಿಟ್ಟಿತು. "ಆಯ್ತಲ್ಲ ಡಾಕ್ಟ್ರೇ. ಇನ್ನು ಮಾತು ಬ್ಯಾಡ. ಲಾರಿ ಮಂಡಿ ಮುಂದೇನೇ ನಿಂತೈತೆ." ಸೊಸೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸೌಟು ಹಾಗೇ ಇತ್ತು.

ನನ್ನ ಚೀಟಿಯಲ್ಲಿ ಮೂರನೆಯದಾಗಿ ಬರೆದುಕೊಂಡಿದ್ದೆನಲ್ಲ, ಯಾರನ್ನೋ ಕಂಡು ಎಂದು. ಆ ಯಾರೋ ನಾನು. ಆಟೋ ನನ್ನ ಬೀದಿಗೆ ತಿರುಗಿದಾಗಲೇ ಒದ್ದೆ ಮಾಡಿದ್ದು, ನಾನು ಹೋದಾಗಲೆಲ್ಲ ಅದನ್ನು ಹಿತ್ತಲಿಗೆ ಹಾಕುತ್ತಿದ್ದದ್ದು, ಎಲ್ಲ ಒಟ್ಟಿಗೇ ಹೊಳೆಯಿತು. ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ನಾಯಿಗೆ ಬುದ್ಧಿ ಬರಲಿಲ್ಲ, ಡಾಕ್ಟರು ಪಾಪ ಪ್ರಯತ್ನಪಟ್ಟರು ಎನ್ನುತ್ತಿದ್ದರು. ಒಂದು ಸಲ ಹಾಗೆ ಸುಮ್ಮನಿದ್ದು ನೋಡಿಯಾಗಿತ್ತು.

ತಟ್ಟೆ ಕೆಳಗಿಟ್ಟೆ. "ಯಜಮಾನ್ರೇ, ನಿಲ್ಲಿ. ಇದು ಹಳೇ ಚಾಳಿ ಅಲ್ಲ. ಇದು ನನ್ನ ಕಂಡು ಹೆದರಿ ಮಾಡಿದ್ದು," ಎಂದೆ. "ಮೊದಲನೇ ದಿನ ಏನೂ ಪರೀಕ್ಷೆ ಮಾಡದೆ ಇದರ ಮೂಗು ನೆಲಕ್ಕುಜ್ಜಿ ಹೊಡೆದೋನು ನಾನು. ಹಾಗೇ ಮಾಡಿ ಅಂತ ನಿಮಗೆ ಹೇಳ್ಕೊಟ್ಟೋನೂ ನಾನೇ. ಗಂಜಲದ ಬಾಟಲಿ ಕೊಟ್ಟಿದ್ದೂ ನಾನೇ, ಅಮ್ಮ ಕೇಳಿರ್ಲಿಲ್ಲ. ನೀವು ಅವತ್ತು ಅವರನ್ನ ಬೈದಾಗ ಬಾಯಿ ಮುಚ್ಕೊಂಡು ಕೂತಿದ್ದೆ. ನಾಯಿದೂ ತಪ್ಪಿಲ್ಲ, ಅಮ್ಮಂದೂ ತಪ್ಪಿಲ್ಲ. ನಾನು ಹೊರಗೆ ಹೋದ್ರೆ ಇದು ಒಂದು ಹನಿ ಮಾಡಲ್ಲ."

ಅವತ್ತು ಸಾಲಿನಲ್ಲಿ ನಿಂತು ನಕ್ಕಿದ್ದ ರೈತನೂ ಅಲ್ಲಿದ್ದ. ಅವನೀಗ ಟವಲಿನ ಅಂಚು ತಿರುಚುತ್ತಾ ನೆಲ ನೋಡುತ್ತಿದ್ದ.

ಹಿರಿಯಾಕೆ ಎದ್ದರು. "ನಮ್ಮನೇಲಿ ಯಾವತ್ತೂ ಗಂಜಲ ಹಾಕ್ದೋರಲ್ಲ ಕಣಪ್ಪಾ," ಎಂದರು ಮಗನಿಗೆ. "ಲಿಂಗ ಕೊರಳಲ್ಲೇ ಐತೆ, ವಿಭೂತಿ ಹಣೇಲೈತೆ. ಇನ್ಯಾವ ಶುದ್ಧಿ? ಓದ್ದೋರು, ಡಾಕ್ಟ್ರು, ಅವ್ರಿಗೆ ತಿಳ್ದಿರ್ತೈತೆ ಅಂತ ಹಾಕ್ದೆ." ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ಅವತ್ತೇ ಅಂದಿದ್ರೆ ಆಗ್ತಿತ್ತಲ್ಲಪ್ಪಾ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನೇ ಬಟ್ಟೆ ಕೇಳಿ ಪಡೆದು, ಪಂಚೆ ಎತ್ತಿ ಕಟ್ಟಿ, ನೆಲ ಒರೆಸಿದೆ. ಪುಡಿ ಕದಡಿದ ನೀರು ಹಾಕಿ ಮತ್ತೊಮ್ಮೆ ಒರೆಸಿದೆ. ಕೆಂಚನ ಕಡೆ ನೋಡಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡು, "ಹಂಗಾದ್ರೆ ನಾಯಿ ಇಲ್ಲೇ ಇರ್ಲಿ. ನೀವು..." ಎಂದು ನಿಲ್ಲಿಸಿದರು.

"ನಾನು ಹೊರಗಿರ್ತೀನಿ," ಎಂದೆ.

ಜಗಲಿಯ ಮೇಲೆ ಚಪ್ಪಲಿಗಳ ರಾಶಿಯ ಪಕ್ಕ ಕೂತೆ. ಗುರುಗಳು ಬಂದರು, ನನ್ನನ್ನು ದಾಟಿ ಒಳಗೆ ಹೋದರು. ಪಾದಪೂಜೆ ಮುಗಿಯುವವರೆಗೂ ಒಳಗಿನಿಂದ ಯಾವ ಗಲಾಟೆಯೂ ಕೇಳಲಿಲ್ಲ. ಸೊಸೆ ಪ್ರಸಾದದ ಎಲೆಯನ್ನು ಜಗಲಿಗೇ ತಂದುಕೊಟ್ಟರು.

"ನನ್ನ ಕಂಡರೆ ಹೀಗೆ ಮಾಡುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಅಮ್ಮ?" ಎಂದೆ.

"ಗೊತ್ತಿತ್ತು ಡಾಕ್ಟ್ರೇ. ಅದಕ್ಕೇ ಹಿತ್ತಲಿಗೆ ಹಾಕ್ತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ಎಲೆಯ ಅಂಚು ಸರಿಮಾಡಿ, "ಮೊದಲನೇ ದಿನ ಹೇಳೋಕೆ ಬಂದಿದ್ದೆ. ನೀವು ಬಿಡಮ್ಮ ಅಂದ್ರಿ. ಆಮೇಲೆ ಧೈರ್ಯ ಬರ್ಲಿಲ್ಲ," ಎಂದರು. ನಾನು ಎಲೆಯನ್ನು ಹಾಗೇ ಮಡಚಿ ಹಿಡಿದುಕೊಂಡು ಎದ್ದೆ.

ಕೆಂಚ ಈಗಲೂ ಆ ಮನೆಯಲ್ಲಿದೆ. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದಿನ ದಿನ ಬೇಲೂರಿನ ವೈದ್ಯೆ ಬಸ್ಸಿನಲ್ಲಿ ಬರುತ್ತಾಳೆ. ಔಷಧಿಯನ್ನು ಐಸಿನ ಡಬ್ಬಿಯಲ್ಲಿ ಹಿಡಿದು ಆ ಬೀದಿಯ ತಿರುವಿನವರೆಗೆ ನಾನು ಹೋಗುತ್ತೇನೆ. ಅಲ್ಲಿಂದ ಮುಂದಕ್ಕೆ ಅವಳೊಬ್ಬಳೇ ಹೋಗಿ ಚುಚ್ಚಿ ಬರುತ್ತಾಳೆ. ಒಳಗೆ ನೆಲ ಒಣಗಿತ್ತಾ ಎಂದು ಕೇಳುತ್ತೇನೆ. ಒಣಗಿತ್ತು ಸಾರ್ ಎನ್ನುತ್ತಾಳೆ.